ಅಜ್ಜಿಗೆ ಒಂದೇ ಹೆಸರು, ಕಂಪ್ಯೂಟರಿಗೆ ಮೂರು ಬೇಕಂತೆ!



ಈ ವಾರ ನನ್ನ ಮುಂದೆ ಒಂದು ಪತ್ರ ಇದೆ. ಬರೆದವಳು ಒಂಬತ್ತನೇ ತರಗತಿಯ ಹುಡುಗಿ. ಶಾಲೆಯಲ್ಲಿ ಪೈಥಾನ್ ಕಲಿಸುತ್ತಿದ್ದಾರಂತೆ. ಪ್ರಾಜೆಕ್ಟಿಗೆಂದು ತನ್ನ ಮನೆತನದ ವಂಶವೃಕ್ಷವನ್ನು ಕಂಪ್ಯೂಟರಿನಲ್ಲಿ ಮಾಡಲು ಹೊರಟಿದ್ದಾಳೆ. ಪ್ರತಿಯೊಬ್ಬರಿಗೂ ಮೂರು ವಿವರ: ಊರು, ತಂದೆಯ ಹೆಸರು, ಸ್ವಂತ ಹೆಸರು. ಅವಳದು ಸರಿಯಾಯಿತು, ಅಪ್ಪನದೂ ಸರಿಯಾಯಿತು. ಅಜ್ಜಿಯ ಸರದಿ ಬಂದಾಗ ಪರದೆಯ ಮೇಲೆ ಕೆಂಪು ಅಕ್ಷರದ ಎರರ್. ಏಕೆಂದರೆ ಅಜ್ಜಿಗೆ ಇರುವುದು ಒಂದೇ ಹೆಸರು. ಹಿಂದೆ ಊರಿಲ್ಲ, ಮುಂದೆ ಮನೆತನವಿಲ್ಲ, ಇನಿಷಿಯಲ್ಲೂ ಇಲ್ಲ.

ಅಣ್ಣ ಹೇಳಿದನಂತೆ: "ಖಾಲಿ ಜಾಗಕ್ಕೆ ಎರಡು ಚುಕ್ಕಿ ಹಾಕಿಬಿಡು, ಕೆಲಸ ಮುಗೀತು." ಅಜ್ಜಿ ಹೇಳಿದರಂತೆ: "ನನ್ನ ಹೆಸರಿಗೆ ಇಷ್ಟೊಂದು ತೊಂದರೆ ಆದರೆ ಬಿಟ್ಟೇಬಿಡು ಪುಟ್ಟಿ, ಏನಾಗತ್ತೆ?" ಹುಡುಗಿಯ ಪ್ರಶ್ನೆ: "ಅಜ್ಜಿಯನ್ನು ಬಿಡಲು ನನಗೆ ಮನಸ್ಸಿಲ್ಲ. ಚುಕ್ಕಿ ಹಾಕಲೂ ಮನಸ್ಸಿಲ್ಲ. ಏನು ಮಾಡಲಿ?"

ಪುಟ್ಟಿ, ಎರಡನ್ನೂ ಮಾಡಬೇಡ. ಅಜ್ಜಿಯ ಹೆಸರಿನಲ್ಲಿ ಯಾವ ಕೊರತೆಯೂ ಇಲ್ಲ. ನಿನ್ನ ಪ್ರೋಗ್ರಾಮಿನಲ್ಲಿ ಕನ್‌ಸ್ಟ್ರಕ್ಟರ್ ಎಂಬ ಒಂದು ಭಾಗವಿದೆ. ಅದರ ಬಾಗಿಲು ತುಸು ಇಕ್ಕಟ್ಟಾಗಿದೆ, ಅಷ್ಟೇ. ಅದನ್ನು ಅಗಲ ಮಾಡುವುದು ಹೇಗೆಂದು ಈ ವಾರ ನೋಡೋಣ.

ಕನ್‌ಸ್ಟ್ರಕ್ಟರ್ ಎಂದರೆ ಏನು?

ಅಜ್ಜಿಯರಿಗೆ ಇದು ಬೇಗ ತಿಳಿಯುತ್ತದೆ. ಗೌರಿ ಹಬ್ಬಕ್ಕೆ ಕರ್ಜಿಕಾಯಿ ಮಾಡುವ ಅಚ್ಚು ನಿಮ್ಮ ಮನೆಯಲ್ಲಿ ಇರಬಹುದು. ಅಚ್ಚು ಒಂದೇ, ಅದರಿಂದ ಬರುವ ಕರ್ಜಿಕಾಯಿ ನೂರಾರು. ಪ್ರೋಗ್ರಾಮಿನಲ್ಲಿ ಈ ಅಚ್ಚಿಗೆ 'ಕ್ಲಾಸ್' ಎಂದು ಹೆಸರು. ಅಚ್ಚಿನಿಂದ ಹೊರಬಂದ ಒಂದೊಂದು ಕರ್ಜಿಕಾಯಿಯೂ ಒಂದೊಂದು 'ಆಬ್ಜೆಕ್ಟ್'.

ಹಿಟ್ಟನ್ನು ಅಚ್ಚಿನ ಮೇಲೆ ಹರಡಿ, ಹೂರಣ ಇಟ್ಟು, ಮಡಚಿ ಒತ್ತುವ ಕೆಲಸ ಇದೆಯಲ್ಲ, ಆ ಕೆಲಸಕ್ಕೆ 'ಕನ್‌ಸ್ಟ್ರಕ್ಟರ್' ಎನ್ನುತ್ತಾರೆ. ಕಟ್ಟುವುದು, ರೂಪ ಕೊಡುವುದು ಎಂದು ಅರ್ಥ. ಪ್ರತಿ ಆಬ್ಜೆಕ್ಟ್ ಹುಟ್ಟುವಾಗಲೂ ಅದು ಒಮ್ಮೆ ನಡೆಯುತ್ತದೆ. ಆಗ ನಾವು ಕೈಗೆ ಕೊಡುವ ಸಾಮಾನುಗಳಿಗೆ 'ಆರ್ಗ್ಯುಮೆಂಟ್' ಎಂದು ಹೆಸರು. ಇಂಗ್ಲಿಷಿನಲ್ಲಿ ಆರ್ಗ್ಯುಮೆಂಟ್ ಅಂದರೆ ವಾದ, ಜಗಳ ಎಂಬ ಅರ್ಥವೂ ಇದೆ. ಇಲ್ಲಿ ಜಗಳವೇನಿಲ್ಲ ತಾತ, ಹಿಟ್ಟು ಮತ್ತು ಹೂರಣ ಮಾತ್ರ.

ಪೈಥಾನ್ ಭಾಷೆಯನ್ನು ಗೈಡೋ ವಾನ್ ರೋಸಮ್ ಎಂಬುವರು 1991ರಲ್ಲಿ ಹೊರತಂದರು. ಅದರಲ್ಲಿ ಕನ್‌ಸ್ಟ್ರಕ್ಟರಿನ ಕೆಲಸ ಮಾಡುವ ಭಾಗಕ್ಕೆ 'ಇನಿಟ್' ಎಂದು ಹೆಸರು, ಅದರ ಎರಡೂ ಬದಿಗೆ ಎರಡೆರಡು ಅಡಿಗೆರೆ. 2008ರಲ್ಲಿ ಬಂದ ಪೈಥಾನ್ 3ರಿಂದ ಒಂದು ಸಂತೋಷದ ಅನುಕೂಲವಿದೆ: ನಮ್ಮ ಕ್ಲಾಸುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. 'ಕ್ಲಾಸ್', 'ಡೆಫ್' ಮುಂತಾದ ಭಾಷೆಯ ಸ್ವಂತ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ನಾವು ಇಟ್ಟ ಹೆಸರು ಕನ್ನಡದಲ್ಲಿದ್ದರೆ ಕಂಪ್ಯೂಟರಿನ ತಕರಾರಿಲ್ಲ. ಆದ್ದರಿಂದ ನಮ್ಮ ಕ್ಲಾಸಿನ ಹೆಸರು 'ವ್ಯಕ್ತಿ' ಎಂದಿರಲಿ.

ಮೂರೇ ಕುರ್ಚಿ

ಪುಟ್ಟಿ ಬರೆದ ಕನ್‌ಸ್ಟ್ರಕ್ಟರಿನ ಆವರಣದೊಳಗೆ ಹೀಗಿದೆ: ಸೆಲ್ಫ್, ಊರು, ತಂದೆ, ಹೆಸರು. 'ಸೆಲ್ಫ್' ಅಂದರೆ ಈಗ ಹುಟ್ಟುತ್ತಿರುವ ಆಬ್ಜೆಕ್ಟೇ, ಅದನ್ನು ಪೈಥಾನ್ ತಾನೇ ಕೊಟ್ಟುಕೊಳ್ಳುತ್ತದೆ. ಉಳಿದ ಮೂರನ್ನು ನಾವು ಕೊಡಬೇಕು. ಅಂದರೆ ಮೂರು ಕುರ್ಚಿ ಹಾಕಿ, "ಮೂರು ಜನ ಬಂದರೆ ಮಾತ್ರ ಊಟ ಬಡಿಸುತ್ತೇನೆ" ಎಂದು ಕುಳಿತಂತೆ.

ಈ ಮೂರು ಕುರ್ಚಿಗೆ ಯಾರು ಯಾರು ಸರಿಹೊಂದುತ್ತಾರೆ, ಪರೀಕ್ಷೆ ಮಾಡೋಣ. ಮೊದಲು ಕುವೆಂಪು ಬರಲಿ:

ವ್ಯಕ್ತಿ("ಕುಪ್ಪಳ್ಳಿ", "ವೆಂಕಟಪ್ಪ", "ಪುಟ್ಟಪ್ಪ")

ಊರು, ತಂದೆ, ಹೆಸರು. ಅಚ್ಚುಕಟ್ಟಾಗಿ ಕುಳಿತರು. ಸರ್ ಎಂ. ವಿಶ್ವೇಶ್ವರಯ್ಯನವರು ಬಂದರೆ?

ವ್ಯಕ್ತಿ("ಮೋಕ್ಷಗುಂಡಂ", "ವಿಶ್ವೇಶ್ವರಯ್ಯ")

ಎರಡೇ ಭಾಗ. "ಒಂದು ಆರ್ಗ್ಯುಮೆಂಟ್ ಕಡಿಮೆ ಬಿದ್ದಿದೆ" ಎಂದು ಎರರ್. 10ನೇ ಶತಮಾನದ ಆದಿಕವಿ ಬಂದರೆ?

ವ್ಯಕ್ತಿ("ಪಂಪ")

"ಎರಡು ಕಡಿಮೆ" ಎಂದು ಎರರ್. ಪುಟ್ಟಿಯ ಅಜ್ಜಿಗೆ ಬಂದದ್ದೂ ಇದೇ. ನೋಡಿ ಅಜ್ಜಿ, ನಿಮ್ಮ ಜೊತೆ ಹೊರಗೆ ನಿಂತಿರುವವರು ಎಂಥವರು! ಪಂಪ, ರನ್ನ, ಜನ್ನ ಎಲ್ಲರೂ ಒಂದೇ ಹೆಸರಿನವರು.

ಹೆಚ್ಚಾದರೂ ಕಷ್ಟವೇ. ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪೂರ್ಣ ಹೆಸರು ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್, ಒಟ್ಟು ನಾಲ್ಕು ಭಾಗ. ನಮ್ಮ ರಾಷ್ಟ್ರಪತಿಯಾಗಿದ್ದ ಕಲಾಂ ಅವರದು ಅವುಲ್ ಪಕೀರ್ ಜೈನುಲಾಬ್ದೀನ್ ಅಬ್ದುಲ್ ಕಲಾಂ, ಐದು ಭಾಗ. ಐದನ್ನು ಕೊಟ್ಟರೆ ಪೈಥಾನ್ ಹೇಳುವುದು ಹೀಗೆ: "ನಾಲ್ಕು ಬೇಕಿತ್ತು, ಆರು ಕೊಟ್ಟಿದ್ದೀರಿ." ಕೊಟ್ಟದ್ದು ಐದು, ಆರು ಹೇಗಾಯಿತು ಎಂದು ಮಕ್ಕಳು ತಲೆ ಕೆರೆದುಕೊಳ್ಳುವುದು ಇಲ್ಲೇ. ತಾನೇ ಕೊಟ್ಟುಕೊಂಡ 'ಸೆಲ್ಫ್' ಅನ್ನೂ ಅದು ಎಣಿಸುತ್ತದೆ, ಅದಕ್ಕೇ ಎರಡು ಕಡೆಯೂ ಒಂದೊಂದು ಹೆಚ್ಚು.

ಅರ್ಧ ಪರಿಹಾರ ಎರಡು

ಮೊದಲನೆಯದು: 'ಕೊಡದಿದ್ದರೆ ಖಾಲಿ ಎಂದುಕೋ' ಎಂದು ಮೊದಲೇ ಹೇಳಿಡುವುದು. ಇದಕ್ಕೆ ಡಿಫಾಲ್ಟ್ ಬೆಲೆ ಎನ್ನುತ್ತಾರೆ. ಹೆಸರು ಒಂದನ್ನು ಕಡ್ಡಾಯ ಮಾಡಿ, ಊರು ಮತ್ತು ತಂದೆಗೆ ಖಾಲಿ ಡಿಫಾಲ್ಟ್ ಇಟ್ಟರೆ ಪಂಪ ಒಳಗೆ ಬರುತ್ತಾನೆ, ಅಜ್ಜಿಯೂ ಬರುತ್ತಾರೆ. ಆದರೆ ಕಲಾಂ ಹೊರಗೇ ಉಳಿಯುತ್ತಾರೆ, ಏಕೆಂದರೆ ಕುರ್ಚಿ ಇನ್ನೂ ಮೂರೇ. ಇನ್ನೊಂದು ಕಿರಿಕಿರಿಯೂ ಇದೆ. ಮೂರನ್ನೂ ಸೇರಿಸಿ ಪೂರ್ಣ ಹೆಸರು ಅಚ್ಚು ಮಾಡಿದಾಗ ಅಜ್ಜಿಯ ಹೆಸರಿನ ಅಕ್ಕಪಕ್ಕ ಎರಡು ಖಾಲಿ ಜಾಗ ಸುಮ್ಮನೆ ಅಂಟಿಕೊಂಡಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಹೆಸರು ಹುಡುಕುವಾಗ, ಅಕ್ಷರಮಾಲೆಯಂತೆ ಜೋಡಿಸುವಾಗ ಎಡವಟ್ಟು ಮಾಡುತ್ತವೆ.

ಎರಡನೆಯದು ಜಾವಾದಂಥ ಭಾಷೆಗಳಲ್ಲಿ ಸಿಗುವ ದಾರಿ. ಒಂದೇ ಕ್ಲಾಸಿಗೆ ಹಲವು ಕನ್‌ಸ್ಟ್ರಕ್ಟರ್ ಬರೆಯುವುದು: ಒಂದು ಹೆಸರಿನವರಿಗೆ ಒಂದು, ಎರಡರವರಿಗೆ ಇನ್ನೊಂದು, ಮೂರರವರಿಗೆ ಮತ್ತೊಂದು. ಕೆಲಸ ನಡೆಯುತ್ತದೆ. ಆದರೆ ಇದು ಒಬ್ಬ ನೆಂಟ ಬಂದರೆ ಒಂದು ಪಾತ್ರೆ, ಇಬ್ಬರು ಬಂದರೆ ಇನ್ನೊಂದು ಪಾತ್ರೆ ಎಂದು ಅಟ್ಟದ ತುಂಬ ಪಾತ್ರೆ ಕೂಡಿಟ್ಟಂತೆ. ಐದು ಭಾಗದವರೆಗೆ ಬರೆದಿಟ್ಟ ಮರುದಿನವೇ ಆರು ಭಾಗದವರು ಬಾಗಿಲಿಗೆ ಬರುತ್ತಾರೆ.

ಕುರ್ಚಿ ತೆಗೆದು ಜಮಖಾನ ಹಾಸು

ಹಿಂದೆ ಮದುವೆ ಮನೆಯಲ್ಲಿ ಪಂಕ್ತಿ ಊಟಕ್ಕೆ ಏನು ಮಾಡುತ್ತಿದ್ದರು? ಕುರ್ಚಿ ಎಣಿಸುತ್ತಿರಲಿಲ್ಲ. ಉದ್ದಕ್ಕೆ ಒಂದು ಜಮಖಾನ ಹಾಸಿಬಿಡುತ್ತಿದ್ದರು. ಮೂವರು ಬಂದರೆ ಮೂವರು, ಮೂವತ್ತು ಬಂದರೆ ತುಸು ಒತ್ತಿ ಕುಳಿತ ಮೂವತ್ತು. ಎಷ್ಟು ಜನ ಬಂದರೆಂಬುದನ್ನು ಎಲೆ ಹಾಕುವವರು ಕುಳಿತ ಮೇಲೆ ಎಣಿಸುತ್ತಿದ್ದರು.

ಪೈಥಾನಿನಲ್ಲಿ ಈ ಜಮಖಾನ ಹಾಸಲು ಒಂದೇ ಒಂದು ಚಿಹ್ನೆ ಸಾಕು, ನಕ್ಷತ್ರ. ಗುಣಾಕಾರಕ್ಕೆ ಬಳಸುವ ಅದೇ ನಕ್ಷತ್ರ. ಕನ್‌ಸ್ಟ್ರಕ್ಟರಿನ ಆವರಣದಲ್ಲಿ ಮೂರು ಹೆಸರಿನ ಬದಲು ಹೀಗೆ ಬರೆಯಬೇಕು:

ಸೆಲ್ಫ್, *ಭಾಗಗಳು

ಇಷ್ಟೇ. ಈಗ ಒಂದು ಕೊಟ್ಟರೂ, ಐದು ಕೊಟ್ಟರೂ, ಐವತ್ತು ಕೊಟ್ಟರೂ ಪೈಥಾನ್ ಎಲ್ಲವನ್ನೂ ಒಟ್ಟುಮಾಡಿ 'ಭಾಗಗಳು' ಎಂಬ ಒಂದೇ ಗಂಟಿನಲ್ಲಿ ಕಟ್ಟಿಕೊಡುತ್ತದೆ. ಈ ಗಂಟಿಗೆ 'ಟ್ಯೂಪಲ್' ಎಂದು ಹೆಸರು. ಅದರ ಗುಣ ಎರಡು. ಒಂದು, ಕೊಟ್ಟ ಕ್ರಮ ಕೆಡುವುದಿಲ್ಲ. ಕುಪ್ಪಳ್ಳಿ ಮೊದಲು ಕೊಟ್ಟರೆ ಕುಪ್ಪಳ್ಳಿಯೇ ಮೊದಲು. ಎರಡು, ಒಮ್ಮೆ ಕಟ್ಟಿದ ಗಂಟಿಗೆ ಆಮೇಲೆ ಸೇರಿಸಲು, ಅದರಿಂದ ತೆಗೆಯಲು ಆಗುವುದಿಲ್ಲ.

ಒಳಗೆ ಎಷ್ಟಿವೆ ಎಂದು ತಿಳಿಯಲು 'ಲೆನ್' ಎಂದು ಕೇಳಿದರೆ ಎಣಿಸಿ ಹೇಳುತ್ತದೆ. ಪೂರ್ಣ ಹೆಸರು ಬೇಕಾದರೆ 'ಜಾಯಿನ್' ಎಂಬ ಫಂಕ್ಷನ್ ಭಾಗಗಳ ನಡುವೆ ಒಂದೊಂದು ಜಾಗ ಬಿಟ್ಟು ಸೇರಿಸುತ್ತದೆ. ಇಲ್ಲಿ ಒಂದು ಚಂದ ನೋಡಿ: 'ನಡುವೆ' ಜಾಗ ಬಿಡಲು ಕನಿಷ್ಠ ಎರಡು ಭಾಗ ಬೇಕು. ಅಜ್ಜಿಯದು ಒಂದೇ ಭಾಗ. ಆದ್ದರಿಂದ ಖಾಲಿ ಜಾಗ ಬೀಳುವುದೇ ಇಲ್ಲ. ಅಜ್ಜಿಯ ಹೆಸರು ಅಜ್ಜಿಯ ಹೆಸರಾಗಿಯೇ, ಹೆಚ್ಚಿಲ್ಲ ಕಡಿಮೆಯಿಲ್ಲ ಎಂಬಂತೆ ಅಚ್ಚಾಗುತ್ತದೆ.

ಪೈಥಾನ್ ತಯಾರಿಸಿದವರೂ ತಮ್ಮ ಸ್ವಂತ ಕ್ಲಾಸುಗಳಲ್ಲಿ ಇದನ್ನು ಬಳಸುತ್ತಾರೆ. ಫೈಲಿನ ದಾರಿಯನ್ನು ಹೇಳುವ 'ಪಾತ್' ಎಂಬ ಕ್ಲಾಸ್ 2014ರಲ್ಲಿ ಪೈಥಾನ್ 3.4ರ ಜೊತೆ ಬಂತು. ಅದಕ್ಕೆ ಒಂದು ಫೋಲ್ಡರ್ ಹೆಸರು ಕೊಡಿ, ನಾಲ್ಕು ಕೊಡಿ, ಒಂದರ ಕೆಳಗೆ ಒಂದು ಎಂದು ಜೋಡಿಸಿಕೊಳ್ಳುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಎಂದು ವಿಳಾಸ ಬರೆದಂತೆ.

ಬೇರೆ ಭಾಷೆಗಳಲ್ಲಿ

ಈ ಯೋಚನೆ ಹೊಸದಲ್ಲ. 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಕನ್‌ಸ್ಟ್ರಕ್ಟರ್ ಇಲ್ಲ. ಆದರೆ ಪರದೆಯ ಮೇಲೆ ಬರೆಯುವ ಅದರ 'ಪ್ರಿಂಟ್‌ಎಫ್' ಫಂಕ್ಷನ್ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ. ಅಲ್ಲಿ ಒಂದು ಅಪಾಯವಿದೆ. ಎಷ್ಟು ಬಂದಿವೆ ಎಂದು ಆ ಫಂಕ್ಷನ್ನಿಗೆ ಯಾರೂ ಹೇಳುವುದಿಲ್ಲ. ವಾಕ್ಯದೊಳಗಿನ ಶೇಕಡಾ ಚಿಹ್ನೆಗಳನ್ನು ನೋಡಿಯೇ ಅದು ಲೆಕ್ಕ ಹಾಕಬೇಕು. ಮೂರು ಎಂದು ಬರೆದು ಎರಡನ್ನೇ ಕೊಟ್ಟರೆ, ಮೂರನೆಯದಕ್ಕೆ ಮೆಮೊರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಬಹುದು. ಕಳ್ಳರು ಗುಟ್ಟು ಕದಿಯಲು ಬಳಸಿದ ಕಿಂಡಿಗಳಲ್ಲಿ ಇದೂ ಒಂದು.

ಜಾವಾ ಭಾಷೆಗೆ ಈ ಅನುಕೂಲ ಬಂದದ್ದು 2004ರಲ್ಲಿ, ಜಾವಾ 5ರ ಜೊತೆ. ಅಲ್ಲಿ ನಕ್ಷತ್ರದ ಬದಲು ಮೂರು ಚುಕ್ಕಿ. ನಾವು "ಅಕ್ಕಿ, ಬೇಳೆ, ಬೆಲ್ಲ..." ಎಂದು ಮೂರು ಚುಕ್ಕಿ ಇಟ್ಟು 'ಇನ್ನೂ ಇದೆ' ಎನ್ನುತ್ತೇವಲ್ಲ, ಹಾಗೆಯೇ. ಅದು ಪಟ್ಟಿಯ ಕೊನೆಯಲ್ಲೇ ಇರಬೇಕು, ಒಂದೇ ಇರಬೇಕು ಎಂಬುದು ಜಾವಾದ ನಿಯಮ. ಕಾರಣ ಸರಳ. ಎರಡು ಜಮಖಾನ ಒತ್ತೊತ್ತಾಗಿ ಹಾಸಿದರೆ ಯಾರು ಯಾವುದರ ಮೇಲೆ ಕುಳಿತರೆಂದು ಹೇಳುವುದು ಹೇಗೆ?

ಜಮಖಾನ ಹಾಸಿದವರ ಹೊಣೆ

ಬಾಗಿಲು ಅಗಲ ಮಾಡಿದ್ದಾಯಿತು. ಈಗ ಮಕ್ಕಳು ಕಿವಿಗೊಟ್ಟು ಕೇಳಬೇಕಾದ ಭಾಗ. ಮೂರು ಕುರ್ಚಿ ಇದ್ದಾಗ ಎಣಿಸುವ ಕೆಲಸವನ್ನು ಪೈಥಾನ್ ಮಾಡುತ್ತಿತ್ತು. ಜಮಖಾನ ಹಾಸಿದ ಮೇಲೆ ಆ ಕೆಲಸ ನಿಮ್ಮದು.

ಮೊದಲ ಹೊಣೆ, ಸೊನ್ನೆ. ವ್ಯಕ್ತಿ() ಎಂದು ಏನೂ ಕೊಡದೆ ಕರೆದರೂ ನಕ್ಷತ್ರ ಬೇಡವೆನ್ನುವುದಿಲ್ಲ. ಖಾಲಿ ಗಂಟು ಕಟ್ಟಿಕೊಂಡು ಹೆಸರೇ ಇಲ್ಲದ ಮನುಷ್ಯನೊಬ್ಬ ನಿಮ್ಮ ವಂಶವೃಕ್ಷದಲ್ಲಿ ಹುಟ್ಟಿಬಿಡುತ್ತಾನೆ! 'ಪಾತ್' ಕ್ಲಾಸಿಗೆ ಸೊನ್ನೆ ಕೊಟ್ಟರೆ 'ಈಗ ನಾವಿರುವ ಫೋಲ್ಡರ್' ಎಂದು ಅರ್ಥ ಮಾಡಿಕೊಳ್ಳುತ್ತದೆ. ಅದು ಅಲ್ಲಿಗೆ ಸರಿ. ಮನುಷ್ಯರಿಗೆ ಹಾಗಲ್ಲ. ಆದ್ದರಿಂದ ಕನ್‌ಸ್ಟ್ರಕ್ಟರಿನ ಮೊದಲ ಸಾಲಿನಲ್ಲೇ ಪರೀಕ್ಷೆ ಇರಲಿ: ಭಾಗಗಳು ಖಾಲಿಯಾಗಿದ್ದರೆ "ಕನಿಷ್ಠ ಒಂದು ಹೆಸರು ಬೇಕು" ಎಂದು ತಿಳಿಯುವ ಕನ್ನಡದಲ್ಲಿ ಎರರ್ ಕೊಡಬೇಕು.

ಎರಡನೆಯ ಹೊಣೆ, ಗಂಟು ಬಿಚ್ಚುವಾಗಿನ ಎಚ್ಚರ. ಹೆಸರಿನ ಭಾಗಗಳು ಮೊದಲೇ ಒಂದು ಪಟ್ಟಿಯಲ್ಲಿದ್ದರೆ, ಕರೆಯುವಾಗಲೂ ಪಟ್ಟಿಯ ಮುಂದೆ ನಕ್ಷತ್ರ ಹಾಕಬೇಕು. ಬರೆಯುವ ಕಡೆ ನಕ್ಷತ್ರ ಗಂಟು ಕಟ್ಟುತ್ತದೆ, ಕರೆಯುವ ಕಡೆ ಅದೇ ನಕ್ಷತ್ರ ಗಂಟು ಬಿಚ್ಚುತ್ತದೆ. ಆದರೆ ಪಟ್ಟಿಯ ಬದಲು ಒಂದು ಪದದ ಮುಂದೆ ಹಾಕಿದಿರೋ, ಪದವೇ ಚೂರಾಗುತ್ತದೆ. "ಗೌರಿ" ಎಂಬ ಪದದ ಮುಂದೆ ನಕ್ಷತ್ರ ಇಟ್ಟರೆ ಎಷ್ಟು ಭಾಗ ಬರುತ್ತವೆ? ಎರಡು ಅಕ್ಷರ, ಎರಡು ಭಾಗ ಎನ್ನುತ್ತೀರಿ. ಅಲ್ಲ, ನಾಲ್ಕು! ಗ, ಔತ್ವದ ಚಿಹ್ನೆ, ರ, ಗುಡಿಸು. ಕಂಪ್ಯೂಟರ್ ಕಾಗುಣಿತದ ಚಿಹ್ನೆಗಳನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಒಂದನೇ ತರಗತಿಯಲ್ಲಿ ಮೇಷ್ಟ್ರು ಕಾಗುಣಿತ ಬಿಡಿಸಿ ಹೇಳಿಸಿದ್ದು ತಾತಂದಿರಿಗೆ ನೆನಪಾಗಬಹುದು.

ಮೂರನೆಯ ಹೊಣೆ ದೊಡ್ಡದು: ಎಷ್ಟು ಕೊಟ್ಟರೆಂಬುದರ ಮೇಲೆ ಅರ್ಥವೇ ಬದಲಾಗಬಾರದು. ಇದನ್ನು ಮುರಿದ ಒಂದು ಹಳೆಯ ಉದಾಹರಣೆ ಜಾವಾಸ್ಕ್ರಿಪ್ಟ್ ಭಾಷೆಯ 'ಅರೇ' ಎಂಬ ಕನ್‌ಸ್ಟ್ರಕ್ಟರ್. ಅದಕ್ಕೆ 3, 4 ಎಂದು ಎರಡು ಸಂಖ್ಯೆ ಕೊಟ್ಟರೆ ಆ ಎರಡೂ ಸಂಖ್ಯೆ ಇರುವ ಪಟ್ಟಿ ಬರುತ್ತದೆ. ಹಾಗಾದರೆ 3 ಒಂದನ್ನೇ ಕೊಟ್ಟರೆ, 3 ಇರುವ ಪಟ್ಟಿ ಬರಬೇಕಲ್ಲವೇ? ಬರುವುದಿಲ್ಲ. ಮೂರು ಖಾಲಿ ಜಾಗ ಇರುವ ಪಟ್ಟಿ ಬರುತ್ತದೆ! ಒಂದೇ ಸಂಖ್ಯೆ ಬಂದರೆ ಅದನ್ನು 'ಎಷ್ಟು ಜಾಗ' ಎಂದು ಓದುವುದು ಅದರ ಪದ್ಧತಿ. ಈ ಗೊಂದಲ ತಪ್ಪಿಸಲೆಂದೇ 2015ರಲ್ಲಿ 'ಅರೇ ಆಫ್' ಎಂಬ ಬೇರೆ ದಾರಿಯನ್ನು ಸೇರಿಸಿದರು. ಅದರಲ್ಲಿ 3 ಕೊಟ್ಟರೆ 3 ಇರುವ ಪಟ್ಟಿಯೇ ಬರುತ್ತದೆ. ಒಬ್ಬರೇ ಬಂದಾಗ ಒಂದು ಮರ್ಯಾದೆ, ಹತ್ತು ಜನ ಬಂದಾಗ ಇನ್ನೊಂದು ಮರ್ಯಾದೆ ಎಂದು ಮಾಡಿದರೆ ಮನೆಯಲ್ಲೂ ಜಗಳ, ಪ್ರೋಗ್ರಾಮಿನಲ್ಲೂ ಜಗಳ.

ಇದರಲ್ಲಿ ಕರೆಯುವ ಹೆಸರು ಯಾವುದು?

ನಕ್ಷತ್ರ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕನ್ನಡಕ್ಕೆ ಜ್ಞಾನಪೀಠ ತಂದವರ ಹೆಸರುಗಳನ್ನೇ ನೋಡಿ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ: ಸ್ವಂತ ಹೆಸರು ಕೊನೆಯಲ್ಲಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ಸ್ವಂತ ಹೆಸರು ಮೊದಲು, ಮನೆತನ ಕೊನೆಯಲ್ಲಿ. ಕೋಟ ಶಿವರಾಮ ಕಾರಂತ: ಸ್ವಂತ ಹೆಸರು ನಡುವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್: ಅಲ್ಲೂ ನಡುವೆಯೇ. ವಿನಾಯಕ ಕೃಷ್ಣ ಗೋಕಾಕ, ಗಿರೀಶ ರಘುನಾಥ ಕಾರ್ನಾಡ: ಮೊದಲು. ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ: ಕೊನೆಗೆ. ಚಂದ್ರಶೇಖರ ಕಂಬಾರ: ಮೊದಲು. ಒಂದೇ ಭಾಷೆ, ಒಂದೇ ಪ್ರಶಸ್ತಿ, ಎಂಟು ಜನ. ಅವರಲ್ಲೇ 'ಮೊದಲನೆಯದು ಸ್ವಂತ ಹೆಸರು, ಕೊನೆಯದು ಮನೆತನ' ಎಂಬ ನಿಯಮ ನಿಲ್ಲುವುದಿಲ್ಲ.

ಆದ್ದರಿಂದ ಕಂಪ್ಯೂಟರ್ ಊಹೆ ಮಾಡಬಾರದು, ನಾವೇ ಹೇಳಬೇಕು. ಪೈಥಾನ್ 3ರಲ್ಲಿ ನಕ್ಷತ್ರದ ನಂತರ ಇನ್ನೊಂದು ಹೆಸರು ಬರೆದರೆ, ಅದನ್ನು ಚೀಟಿ ಅಂಟಿಸಿಯೇ ಕೊಡಬೇಕು ಎಂಬ ನಿಯಮ ಇದೆ. ಹೀಗೆ:

ಸೆಲ್ಫ್, *ಭಾಗಗಳು, ಕರೆಯುವುದು

ಕರೆಯುವಾಗ:

ವ್ಯಕ್ತಿ("ಕೋಟ", "ಶಿವರಾಮ", "ಕಾರಂತ", ಕರೆಯುವುದು="ಶಿವರಾಮ")

ಉಪ್ಪಿನಕಾಯಿ ಜಾಡಿಯ ಮೇಲೆ ಮಾವು, ನಿಂಬೆ ಎಂದು ಚೀಟಿ ಅಂಟಿಸುತ್ತೀರಲ್ಲ ಅಜ್ಜಿ, ಅದೇ ಕೆಲಸ. ಭಾಗಗಳು ಎಷ್ಟೇ ಇರಲಿ, ಯಾವ ಕ್ರಮದಲ್ಲೇ ಇರಲಿ, ಕರೆಯುವ ಹೆಸರು ಯಾವುದೆಂದು ಗೊಂದಲವಿಲ್ಲ.

ಎರಡು ನಕ್ಷತ್ರ ಹಾಕುವ ದಾರಿಯೂ ಉಂಟು. ಆಗ ಊರು, ತಂದೆ, ಮನೆದೇವರು ಎಂದು ಮನಸ್ಸಿಗೆ ಬಂದ ಯಾವ ಚೀಟಿಯನ್ನಾದರೂ ಅಂಟಿಸಿ ಎಷ್ಟು ವಿವರ ಬೇಕಾದರೂ ಕೊಡಬಹುದು. ಅನುಕೂಲವೇನೋ ಸರಿ, ಆದರೆ 'ತಂದೆ' ಎನ್ನುವ ಕಡೆ 'ತಂದೇ' ಎಂದು ಬರೆದರೂ ಅದು ಸುಮ್ಮನೆ ಒಳಗೆ ಹಾಕಿಕೊಳ್ಳುತ್ತದೆ. ಒಂದೇ ದೀರ್ಘದಿಂದ ಅಪ್ಪನ ಹೆಸರು ಕಳೆದುಹೋಗುತ್ತದೆ, ಎರರ್ ಮಾತ್ರ ಬರುವುದಿಲ್ಲ. ಏನು ಬರುತ್ತದೆ ಎಂದು ಗೊತ್ತಿದ್ದರೆ ಚೀಟಿಯ ಹೆಸರನ್ನು ನೀವೇ ನಿಗದಿ ಮಾಡಿ. ಎಷ್ಟು ಬರುತ್ತದೆ ಎಂಬುದು ಮಾತ್ರ ಗೊತ್ತಿಲ್ಲದಿದ್ದರೆ ಒಂದು ನಕ್ಷತ್ರ ಸಾಕು.

ಶಾಲೆಯ ಪ್ರಾಜೆಕ್ಟಿನ ಆಚೆ

ಒಂದು ಹೆಸರಿಗೆ ಇಷ್ಟೆಲ್ಲ ಏಕೆ ಎನ್ನುವಿರಾ? ಇದು ಶಾಲೆಯ ಗೋಡೆಯೊಳಗೆ ಮುಗಿಯುವ ಮಾತಲ್ಲ. ನಮ್ಮ ಪಾಸ್‌ಪೋರ್ಟಿನಲ್ಲಿ ಕೊಟ್ಟ ಹೆಸರು, ಮನೆತನದ ಹೆಸರು ಎಂದು ಎರಡು ಜಾಗ ಇವೆ. ಒಂದೇ ಹೆಸರಿನವರಿಗೆ ಮನೆತನದ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗ ಬೇರೆ ದೇಶದ ಕಂಪ್ಯೂಟರಿನ ಮುಂದೆ ಬಂದಾಗ ತೊಡಕು ಶುರು. ಅಮೆರಿಕದ ವೀಸಾ ಅರ್ಜಿಯಲ್ಲಿ ಕೊಟ್ಟ ಹೆಸರಿನ ಜಾಗಕ್ಕೆ ತುಂಬಲು ಏನೂ ಇಲ್ಲದವರು 'ಎಫ್‌ಎನ್‌ಯು' ಎಂದು ಬರೆಯಬೇಕು. 'ಮೊದಲ ಹೆಸರು ಗೊತ್ತಿಲ್ಲ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ಹುಟ್ಟಿದಾಗಿನಿಂದ ಊರೆಲ್ಲ ಕರೆದ ಹೆಸರಿರುವವರ ಕಾಗದದಲ್ಲಿ 'ಗೊತ್ತಿಲ್ಲ' ಎಂದು ಬರೆಯಬೇಕಾಗಿ ಬಂತು!

2022ರ ನವೆಂಬರಿನಲ್ಲಿ ಯುಎಇ ದೇಶವು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ವಿಮಾನ ಸಂಸ್ಥೆಗಳಿಗೆ ತಿಳಿಸಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ಬಿಡುತ್ತೇವೆ ಎಂದು ಆಮೇಲೆ ಸ್ಪಷ್ಟಪಡಿಸಿತು. ಮಗಳ ಬಾಣಂತನಕ್ಕೆಂದು ಹೊರಟ ಅಜ್ಜಿಯೊಬ್ಬರು ವಿಮಾನ ನಿಲ್ದಾಣದಲ್ಲಿ ನಿಂತು ಇದನ್ನು ಕೇಳಿದರೆ ಹೇಗಿರಬಹುದು, ಯೋಚಿಸಿ. ಸರ್ಕಾರಗಳಿಗೆ ಅವುಗಳದ್ದೇ ಕಾರಣಗಳಿರುತ್ತವೆ. ಆದರೆ ಹೆಸರೆಂದರೆ ಎರಡು ಜಾಗ ತುಂಬುವಂಥದ್ದೇ ಎಂಬ ಎಣಿಕೆ ಎಲ್ಲೋ ಒಂದು ಕಡೆ ಶುರುವಾಗುತ್ತದೆ. ಅರ್ಜಿಯ ಹಾಳೆ ರೂಪಿಸುವ ಕೈಯಲ್ಲಿ ಶುರುವಾಗುತ್ತದೆ, ಕನ್‌ಸ್ಟ್ರಕ್ಟರ್ ಬರೆಯುವ ಕೈಯಲ್ಲೂ ಶುರುವಾಗುತ್ತದೆ.

ಮಕ್ಕಳೇ, ಮುಂದೆ ನಿಮ್ಮಲ್ಲಿ ಕೆಲವರು ಆಸ್ಪತ್ರೆಗೆ, ಬ್ಯಾಂಕಿಗೆ, ಪಡಿತರ ಅಂಗಡಿಗೆ ಪ್ರೋಗ್ರಾಮ್ ಬರೆಯುವವರು. ಆವರಣದೊಳಗೆ ಎಷ್ಟು ಜಾಗ ಇಡಬೇಕೆಂದು ಆವತ್ತು ನೀವು ತೀರ್ಮಾನ ಮಾಡುತ್ತೀರಿ. ನೀವು ಎಂದೂ ನೋಡದ ಜನ ಅದರೊಳಗೆ ಹೊಂದಿಕೊಳ್ಳಬೇಕಾಗುತ್ತದೆ. ಹೊಂದದಿದ್ದರೆ ಅವರು ತಮ್ಮ ಹೆಸರನ್ನೇ ಮುರಿಯುತ್ತಾರೆ, ಇಲ್ಲವೇ ಚುಕ್ಕಿ ಹಾಕುತ್ತಾರೆ, ಇಲ್ಲವೇ "ಬಿಟ್ಟೇಬಿಡು" ಎನ್ನುತ್ತಾರೆ. ಅವರ ಹೆಸರಿನ ಭಾಗಗಳು ಎಷ್ಟು ಎಂಬುದು ಅವರ ವಿಷಯ. ಅದಕ್ಕೆ ಜಾಗ ಮಾಡುವುದು ನಿಮ್ಮ ವಿಷಯ.

ಈ ವಾರದ ಕೆಲಸ

ಅಜ್ಜ-ಅಜ್ಜಿಯರ ಪಕ್ಕ ಕುಳಿತು ಮನೆಯ ಹಿರಿಯರ ಪೂರ್ಣ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ, ಎಷ್ಟು ತಲೆಮಾರು ಹಿಂದಕ್ಕೆ ಹೋಗಲು ಆಗುತ್ತದೋ ಅಷ್ಟು. ಹೆಣ್ಣುಮಕ್ಕಳ ಹೆಸರನ್ನು ವಿಶೇಷವಾಗಿ ಕೇಳಿ. ಮದುವೆಗೆ ಮೊದಲು ಅಪ್ಪನ ಇನಿಷಿಯಲ್, ಆಮೇಲೆ ಗಂಡನ ಇನಿಷಿಯಲ್ ಎಂದು ಒಂದೇ ಜನ್ಮದಲ್ಲಿ ಹೆಸರಿನ ಭಾಗಗಳು ಬದಲಾದವರು ಇರುತ್ತಾರೆ. ಪ್ರತಿ ಹೆಸರಿನ ಮುಂದೆ ಎಷ್ಟು ಭಾಗ ಎಂದು ಬರೆಯಿರಿ. ತಾತಂದಿರೇ, ನಿಮ್ಮ ನೆನಪಿನಲ್ಲಿ ಮಾತ್ರ ಉಳಿದಿರುವ ಹೆಸರುಗಳನ್ನು ಹೇಳಿಬಿಡಿ. ಅವು ಯಾವ ಕಂಪ್ಯೂಟರಿನಲ್ಲೂ ಇಲ್ಲ.

ಆಮೇಲೆ ನಕ್ಷತ್ರ ಹಾಕಿದ ಕನ್‌ಸ್ಟ್ರಕ್ಟರ್ ಬರೆದು ನಾಲ್ಕು ಪರೀಕ್ಷೆ ಮಾಡಿ: ಏನೂ ಕೊಡದೆ, ಒಂದು ಕೊಟ್ಟು, ಮೂರು ಕೊಟ್ಟು, ಐದು ಕೊಟ್ಟು. ಮೊದಲನೆಯದಕ್ಕೆ ಎರರ್ ಬರಬೇಕು, ಉಳಿದ ಮೂರಕ್ಕೆ ಬರಬಾರದು.

ಕೊನೆಗೆ ಒಂದು ಒಗಟು. ಕುಪ್ಪಳ್ಳಿ, ವೆಂಕಟಪ್ಪ, ಪುಟ್ಟಪ್ಪ ಎಂಬ ಮೂರು ಭಾಗಗಳನ್ನು ಚೌಕ ಆವರಣದ ಒಂದು ಪಟ್ಟಿಯಲ್ಲಿ ಹಾಕಿ, ಕರೆಯುವಾಗ ನಕ್ಷತ್ರ ಹಾಕದೆ ಹಾಗೆಯೇ ಕೊಟ್ಟರೆ, 'ಭಾಗಗಳು' ಗಂಟಿನಲ್ಲಿ ಎಷ್ಟು ಸಿಗುತ್ತವೆ? ಕಂಪ್ಯೂಟರ್ ಮುಟ್ಟುವ ಮೊದಲು ಅಜ್ಜಿಯ ಜೊತೆ ಕುಳಿತು ಊಹಿಸಿ. ಉತ್ತರ ಮುಂದಿನ ವಾರ.